ಹಂಬೋಲ್ಟರ 61 ಉಪನ್ಯಾಸಗಳು

ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಎಂದರೆ ನಮಗೆ ನೆನಪಾಗುವುದು ಪೆರು ಕರಾವಳಿಯ ಶೀತಪ್ರವಾಹ. ಅದಕ್ಕೆ ಅವರ ಹೆಸರಿದೆ. ಶಿಕ್ಷಕರಾಗಲು ಹೊರಟಿರುವ ನಮಗೆ ಅವರು ಶಿಕ್ಷಕರಾಗಿಯೂ ಪರಿಚಯವಾಗಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಹುಟ್ಟಿದ್ದು 1769ರಲ್ಲಿ, ಬರ್ಲಿನ್ನಿನ ಅನುಕೂಲಸ್ಥ ಮನೆತನದಲ್ಲಿ. ಗಣಿವಿದ್ಯೆ ಕಲಿತು ಪ್ರಷ್ಯಾ ಸರ್ಕಾರದ ಗಣಿ ಅಧಿಕಾರಿಯಾದರು. 1793ರಲ್ಲಿ ಸ್ಟೇಬೆನ್ ಎಂಬ ಊರಿನಲ್ಲಿ ಗಣಿ ಕಾರ್ಮಿಕರಿಗಾಗಿ ಸ್ವಂತ ಹಣದಿಂದ ಉಚಿತ ಶಾಲೆಯೊಂದನ್ನು ತೆರೆದರು. ಮೇಲಧಿಕಾರಿಗಳಿಗೆ ಅದು ತಿಳಿದದ್ದು ಆಮೇಲೆ. ಆಗ ಅವರಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು.

ತಾಯಿ ತೀರಿಕೊಂಡ ಮೇಲೆ ಬಂದ ಆಸ್ತಿಯ ಹಣದಲ್ಲಿ, ಸಸ್ಯವಿಜ್ಞಾನಿ ಬೋನ್‌ಪ್ಲಾನ್ ಅವರೊಂದಿಗೆ 1799ರಿಂದ 1804ರವರೆಗೆ ಅಮೆರಿಕ ಖಂಡಗಳಲ್ಲಿ ಸುತ್ತಿದರು. 1800ರಲ್ಲಿ ವೆನೆಜುವೆಲಾದ ವೆಲೆನ್ಸಿಯಾ ಸರೋವರ ತಲುಪಿದಾಗ ಅದರ ನೀರು ವರ್ಷವರ್ಷವೂ ಇಳಿಯುತ್ತಿತ್ತು. ನೆಲದಡಿಯ ಯಾವುದೋ ಕಂಡಿಯಿಂದ ನೀರು ಸೋರಿಹೋಗುತ್ತಿದೆ ಎಂದು ಅಲ್ಲಿಯವರು ನಂಬಿದ್ದರು. ಹಂಬೋಲ್ಟ್ ಸುತ್ತಲಿನ ಗುಡ್ಡಗಳನ್ನು ನೋಡಿದರು. ಕಾಡು ಕಡಿದಿದ್ದರು, ಮಳೆನೀರು ಇಂಗದೆ ಮಣ್ಣನ್ನೂ ಕೊಚ್ಚಿಕೊಂಡು ಹರಿಯುತ್ತಿತ್ತು, ಒರತೆಗಳು ಬತ್ತುತ್ತಿದ್ದವು. ಹೊಳೆಗಳ ನೀರನ್ನು ನೀಲಿ ಬೆಳೆಯ ಹೊಲಗಳಿಗೆ ತಿರುಗಿಸಿದ್ದರು. ಕಾರಣ ನೆಲದಡಿಯಲ್ಲಿರಲಿಲ್ಲ.

ಕಾಡು ನಮಗೆ ಜೀವವಿಜ್ಞಾನದ ಪಾಠ, ಕೆರೆ ಭೂಗೋಳದ್ದು, ಆವಿಯಾಗುವಿಕೆ ಭೌತವಿಜ್ಞಾನದ್ದು. ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಗೆ ಅರಣ್ಯದ ಪಾಠ ಮಾಡುವಾಗ ನಾನು ಕಾರಣ ಹೇಳದೆ ಈ ಸರೋವರದ ವಿವರಗಳನ್ನಷ್ಟೇ ಮುಂದಿಟ್ಟೆ. ಮಳೆ ಕಡಿಮೆಯಾಗಿರಬೇಕು ಎಂದೇ ಮಕ್ಕಳು ಮೊದಲು ಹೇಳಿದರು. ಬೋಳಾದ ಗುಡ್ಡವನ್ನು ಇಳಿಯುವ ನೀರಿಗೆ ಜೋಡಿಸಲು ಅರ್ಧ ಅವಧಿ ಹಿಡಿಯಿತು. ನನ್ನ ಮಟ್ಟಿಗೆ ಆ ಅರ್ಧ ಅವಧಿಯೇ ಪಾಠ. ಪಾಠಯೋಜನೆಯ ನಮೂನೆಯಲ್ಲಿ ಮಾತ್ರ ಅದಕ್ಕೊಂದು ಕಾಲಂ ಇಲ್ಲ!

ಎರಡು ದಶಕಗಳಷ್ಟು ಕಾಲ ಬಹುಮಟ್ಟಿಗೆ ಪ್ಯಾರಿಸ್ಸಿನಲ್ಲಿದ್ದ ಹಂಬೋಲ್ಟರನ್ನು 1827ರಲ್ಲಿ ದೊರೆ ಬರ್ಲಿನ್ನಿಗೆ ಕರೆಸಿಕೊಂಡ. ಅಲ್ಲಿನ ವಿಶ್ವವಿದ್ಯಾಲಯದ ಸ್ಥಾಪನೆಗೆ ದುಡಿದವರು ಅವರ ಅಣ್ಣ ವಿಲ್ಹೆಲ್ಮ್. ತಮ್ಮ ಅಲ್ಲಿ ಪ್ರಾಧ್ಯಾಪಕರಲ್ಲ. ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಉಪನ್ಯಾಸ ಕೊಡುವ ಹಕ್ಕು ಇತ್ತು. ಆ ನವೆಂಬರಿನಿಂದ ಮುಂದಿನ ಏಪ್ರಿಲ್‌ವರೆಗೆ ಪ್ರಕೃತಿಯನ್ನು ಕುರಿತು 61 ಉಪನ್ಯಾಸ ಕೊಟ್ಟರು, ಶುಲ್ಕವಿಲ್ಲದೆ. ನಕ್ಷತ್ರ, ಜ್ವಾಲಾಮುಖಿ, ಭೂಕಾಂತತೆ, ಸಸ್ಯಗಳ ಹಂಚಿಕೆ ಎಲ್ಲವೂ ಒಂದೇ ಸರಣಿಯಲ್ಲಿ ಬಂದವು. ಬರೆದದ್ದನ್ನು ಓದುತ್ತಿರಲಿಲ್ಲ, ಟಿಪ್ಪಣಿ ಇಟ್ಟುಕೊಂಡು ಮಾತಾಡುತ್ತಿದ್ದರು.

ಜನ ಕಿಕ್ಕಿರಿದರು. ಆದರೆ ಆ ವಿಶ್ವವಿದ್ಯಾಲಯದಲ್ಲಿ ಹೆಂಗಸರು ಓದುವಂತಿರಲಿಲ್ಲ. ಅಲ್ಲಿ ಅವರಿಗೆ ಪೂರ್ಣ ಪ್ರವೇಶ ಸಿಕ್ಕಿದ್ದು 1908ರಲ್ಲಿ. ಹಂಬೋಲ್ಟ್ ಡಿಸೆಂಬರಿನಿಂದ ಸಮೀಪದಲ್ಲೇ ಇದ್ದ ಗಾಯನ ಸಂಘದ ದೊಡ್ಡ ಸಭಾಂಗಣದಲ್ಲಿ ಇನ್ನೂ 16 ಉಪನ್ಯಾಸಗಳನ್ನು ಎಲ್ಲರಿಗಾಗಿ ಆರಂಭಿಸಿದರು. ದೊರೆ ಬಂದ, ಗಾರೆ ಮೇಸ್ತ್ರಿಗಳು ಬಂದರು, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರು ನಿಯಮದ ವಿರುದ್ಧ ಹೋರಾಡಲಿಲ್ಲ ಎಂದು ಆಕ್ಷೇಪಿಸಬಹುದು. ತರಗತಿಯನ್ನೇ ಹೊರಗೆ ತಂದದ್ದು ನನಗೆ ಚಿಕ್ಕದಾಗಿ ಕಾಣುವುದಿಲ್ಲ.

ಉಪನ್ಯಾಸಗಳನ್ನು ಹಾಗೆಯೇ ಅಚ್ಚು ಹಾಕಿಸಲು ಅವರು ಒಪ್ಪಲಿಲ್ಲ. ‘ಕಾಸ್ಮಾಸ್’ ಗ್ರಂಥದ ಮೊದಲ ಸಂಪುಟ ಬಂದದ್ದು 1845ರಲ್ಲಿ. ಐದನೆಯದು ಮುಗಿಯುವ ಮುನ್ನ, 1859ರಲ್ಲಿ, ತೀರಿಕೊಂಡರು. ಆ ಸಭಾಂಗಣದಲ್ಲಿ ಅವರು ಹೇಳಿದ್ದೇನೆಂದು ಇಂದು ನಾವು ಓದಬಹುದಾದರೆ, ಅದಕ್ಕೆ ಕೇಳುಗರ ನೋಟ್‌ಬುಕ್ಕುಗಳು ಕಾರಣ. ಅಚ್ಚಾಗಿರುವ ಅಂಥದ್ದೊಂದನ್ನು ಬರೆದಿಟ್ಟವರು ಹೆನ್ರಿಯೆಟ್ಟೆ ಕೋಲ್‌ರಾಷ್ ಎಂಬ ಮಹಿಳೆ.