ಅಂಗೈ ಆಟದ ಯಂತ್ರ ಕೊಟ್ಟ ಗುನ್ಪೇ ಯೊಕೊಯಿ

ಪೆದ್ದಕಡುಬೂರಿನ ಕಡೆ ಇಂದು ಮಕ್ಕಳ ಆಟ ಅಪ್ಪನ ಮೊಬೈಲಿನಲ್ಲಿ. ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತಿದ್ದ ‘ಬ್ರಿಕ್ ಗೇಮ್’ ಈಗ ಅಪರೂಪ. ಅಂತಹ ಅಂಗೈ ಯಂತ್ರಗಳಿಗೆ ದಾರಿ ತೋರಿದವರು ಜಪಾನಿನ ಗುನ್ಪೇ ಯೊಕೊಯಿ.

1941ರಲ್ಲಿ ಕ್ಯೋಟೋದಲ್ಲಿ ಜನಿಸಿದ ಯೊಕೊಯಿ, ಎಲೆಕ್ಟ್ರಾನಿಕ್ಸ್ ವ್ಯಾಸಂಗ ಮುಗಿಸಿ 1965ರಲ್ಲಿ ನಿಂಟೆಂಡೊ ಸೇರಿದರು. ಆಗ ಅದು ಇಸ್ಪೀಟೆಲೆಗಳಿಗೆ ಹೆಸರಾದ ಸಂಸ್ಥೆ. ಇವರದು ಯಂತ್ರಗಳ ನಿರ್ವಹಣೆ. ಬಿಡುವಿನಲ್ಲಿ ತಮಗಾಗಿ ಮಾಡಿಕೊಂಡಿದ್ದ, ಚಾಚಿದರೆ ಉದ್ದವಾಗುವ ಆಟಿಕೆ ಕೈಯನ್ನು ಕಂಡ ಅಧ್ಯಕ್ಷರು ಅದನ್ನೇ ಮಾರುಕಟ್ಟೆಗೆ ತಂದರು.

ಮುಂದೊಮ್ಮೆ ರೈಲಿನಲ್ಲಿ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನೊತ್ತುತ್ತಿದ್ದುದನ್ನು ಯೊಕೊಯಿ ಕಂಡರು. 1980ರ ‘ಗೇಮ್ ಅಂಡ್ ವಾಚ್’ ಹುಟ್ಟಿದ್ದು ಹಾಗೆ. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ಬಳಸಬೇಕೆಂಬುದು ಅವರ ನಿಲುವು. 1989ರ ‘ಗೇಮ್ ಬಾಯ್’ಗೆ ಬಣ್ಣದ ಪರದೆಯಿರಲಿಲ್ಲ, ಆದರೆ ನಾಲ್ಕು ಪುಟ್ಟ ಸೆಲ್‌ಗಳಲ್ಲಿ ಅದು ಗಂಟೆಗಟ್ಟಲೆ ಓಡುತ್ತಿತ್ತು. ಬಣ್ಣದ ಪರದೆಯ ದುಬಾರಿ ಎದುರಾಳಿಗಳು ಸೋತವು. ನಂತರದ ಬಣ್ಣದ ಮಾದರಿಯೂ ಸೇರಿ 11 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು.

1995ರ ‘ವರ್ಚುವಲ್ ಬಾಯ್’ ಮಾತ್ರ ವಿಫಲವಾಯಿತು. ಮರುವರ್ಷ ಕಂಪನಿ ತೊರೆದು ಸ್ವಂತ ಸಂಸ್ಥೆ ಕಟ್ಟಿದ ಯೊಕೊಯಿ, 1997ರ ಅಕ್ಟೋಬರ್ 4ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಕೈವಾಡವಿದ್ದ ‘ವಂಡರ್‌ಸ್ವಾನ್’ 1999ರಲ್ಲಿ ಬಂದಿತು. ಅದಕ್ಕೆ ಒಂದೇ ಸೆಲ್ ಸಾಕಿತ್ತು.

ಅಂಗೈ ಯಂತ್ರ ಜಗತ್ತಿನಲ್ಲಿ ಅಳಿದಿಲ್ಲ. ನಿಂಟೆಂಡೊದ 2017ರ ‘ಸ್ವಿಚ್’ 15 ಕೋಟಿ ದಾಟಿದೆ. ಆದರೆ ಅದರ ಬೆಲೆ ನಮ್ಮ ಮನೆಗಳಿಗೆ ನಿಲುಕದು. ಕ್ಯಾಲ್ಕ್ಯುಲೇಟರಿನಿಂದ ಬೇರೆಯಾಗಿ ಹುಟ್ಟಿದ ಆಟ ಇಲ್ಲಿ ಮತ್ತೆ ನಿತ್ಯಬಳಕೆಯ ವಸ್ತುವಿನೊಳಗೆ ಸೇರಿಕೊಂಡಿದೆ. ಕನ್ನಡ ಪಾಠದ ವಿಡಿಯೊ ಕೂಡ ಅದರಲ್ಲೇ. ಅಪ್ಪ ಹೊಲಕ್ಕೆ ಹೊರಟರೆ ಎರಡೂ ಅವನೊಡನೆ ಹೊರಡುತ್ತವೆ.