ಡೆಪ್ಯುಟಿ ಚನ್ನಬಸಪ್ಪನವರು

ನೌಕರಿಯ ಹುದ್ದೆಯೇ ಹೆಸರಿಗೆ ಅಂಟಿಕೊಂಡವರು ಎಷ್ಟು ಜನ ಇದ್ದಾರು? ಕಲೆಕ್ಟರರು ಬಂದರು, ಹೋದರು. ಶಾಲೆ ತಪಾಸಣೆ ಮಾಡುತ್ತಿದ್ದ ಈ ಒಬ್ಬರನ್ನು ಮಾತ್ರ ನಮ್ಮ ಜನ ಇಂದಿಗೂ ಡೆಪ್ಯುಟಿ ಚನ್ನಬಸಪ್ಪ ಎಂದೇ ಕರೆಯುತ್ತಾರೆ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಈಗ ಕಾಮರ್ಸಿನ ಜಮಾ-ಖರ್ಚಿನಲ್ಲಿ ಮುಳುಗಿರುವ ನನಗೆ ಇವರ ಬಗ್ಗೆ ನಾಲ್ಕು ಮಾತು ಬರೀಬೇಕು ಅನ್ನಿಸಿತು.

ಇವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ಧಾರವಾಡ, ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪೇಶ್ವೆಯರ ಆಳ್ವಿಕೆ 1818ರಲ್ಲೇ ಮುಗಿದಿದ್ದರೂ ಕಚೇರಿಯಲ್ಲಿ ಮರಾಠಿ, ದಫ್ತರದಲ್ಲಿ ಮೋಡಿ ಅಕ್ಷರ, ಬಹಳಷ್ಟು ಶಾಲೆಗಳಲ್ಲೂ ಮರಾಠಿಯೇ. ಮನೆಯಲ್ಲಿ ಅವ್ವನ ಸಂಗಡ ಆಡುವ ಮಾತು ಒಂದು, ಪಾಟಿಯ ಮೇಲೆ ತಿದ್ದುವ ಅಕ್ಷರ ಇನ್ನೊಂದು. ಚನ್ನಬಸಪ್ಪನವರು ಹೆಚ್ಚಿನ ಕಲಿಕೆಗೆ ಪುಣೆಗೆ ಹೋದರು. ಧಾರವಾಡಕ್ಕೆ ಆಗ ರೈಲೇ ಇರಲಿಲ್ಲ.

1854ರಲ್ಲಿ ಲಂಡನ್ನಿನಿಂದ ಚಾರ್ಲ್ಸ್ ವುಡ್ ಸಾಹೇಬನ ಡಿಸ್ಪ್ಯಾಚ್ ಬಂತು. ಪ್ರಾಂತಕ್ಕೊಂದು ವಿದ್ಯಾ ಇಲಾಖೆ, ತಪಾಸಣೆಗೆ ಇನ್‌ಸ್ಪೆಕ್ಟರರು, ಮಾಸ್ತರರನ್ನು ತಯಾರು ಮಾಡಲು ನಾರ್ಮಲ್ ಸ್ಕೂಲು, ಸಾಮಾನ್ಯ ಜನಕ್ಕೆ ದೇಶಭಾಷೆಯಲ್ಲಿ ಶಿಕ್ಷಣ. ಕಾಗದದ ಮೇಲೆ ಎಲ್ಲ ಚೆಂದ. ಆದರೆ ಧಾರವಾಡದ ದೇಶಭಾಷೆ ಯಾವುದು? ಮರಾಠಿ ಎಂದು ಬರೆದು ಕೈ ತೊಳೆದುಕೊಂಡಿದ್ದರೂ ಆಜ್ಞೆ ಪಾಲಿಸಿದಂತೆಯೇ ಆಗುತ್ತಿತ್ತು! ಹಾಗೆ ಆಗಗೊಡದವರಲ್ಲಿ ಇನ್‌ಸ್ಪೆಕ್ಟರ್ ರಸೆಲ್ ಸಾಹೇಬರೂ ಅವರ ಕೈಕೆಳಗಿನ ಚನ್ನಬಸಪ್ಪನವರೂ ಮುಖ್ಯರು.

ಚನ್ನಬಸಪ್ಪನವರು ಮೊದಲು ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರು, ಆಮೇಲೆ ಡೆಪ್ಯುಟಿ ಇನ್‌ಸ್ಪೆಕ್ಟರು. ಈ ಸರದಿ ನನಗೆ ಬಹಳ ಅರ್ಥವುಳ್ಳದ್ದಾಗಿ ಕಾಣುತ್ತದೆ. ಕನ್ನಡ ಶಾಲೆ ತೆರೆಯಿರಿ ಎಂದು ಹುಕುಂ ಹೊರಡಿಸುವುದು ಸುಲಭ. ಕಲಿಸುವ ಮಾಸ್ತರ ಎಲ್ಲಿ? ಪುಸ್ತಕ ಎಲ್ಲಿ? ಇವರು ಮಾಸ್ತರರನ್ನು ತಯಾರು ಮಾಡಿದರು, ಮರಾಠಿ ಶಾಲೆಗಳಿದ್ದ ಕಡೆ ಕನ್ನಡ ಶಾಲೆ ಆಗುವಂತೆ ನೋಡಿಕೊಂಡರು. ತುರಮರಿ, ಚುರಮುರಿ ಶೇಷಗಿರಿರಾಯರು, ವೆಂಕಟ ರಂಗೋ ಕಟ್ಟಿ ಇವರೆಲ್ಲ ಅದೇ ಇಲಾಖೆಯ ಸಂಬಳ ತಿಂದು ಕನ್ನಡ ಬರೆದವರು. ಡೆಪ್ಯುಟಿ ಸಾಹೇಬರೂ ಸುಮ್ಮನೆ ಕೂತವರಲ್ಲ. ಶೇಕ್ಸ್‌ಪಿಯರನ ಒಂದು ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. ಹೆಸರು ಕೇಳಿದರೇ ನಗು ಬರುತ್ತೆ, ಅಲ್ವೇ?

ಇದು ಮರಾಠಿಯ ಮೇಲಿನ ಸಿಟ್ಟಲ್ಲ, ಗೆಳೆಯರೆ. ನನ್ನ ಪಕ್ಕದ ಬೆಂಚಿನವರೆಲ್ಲ ಮರಾಠಿಯವರೇ. ಅವರಿಗೆ ಸಿಕ್ಕದ್ದು ನಮಗೂ ಸಿಗಲಿ ಅನ್ನುವ ಮಾತು, ಅಷ್ಟೆ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಗಣಿತದ ಮಾಸ್ತರರು ನಿವೃತ್ತರಾದರು. ವರ್ಷ ಮುಗಿದರೂ ಆ ಜಾಗಕ್ಕೆ ಯಾರೂ ಬರಲಿಲ್ಲ. ಮರುವರ್ಷ ಎಂಟು ಹುಡುಗರು ಇಂಗ್ಲಿಷ್ ಶಾಲೆಗೆ ಹೋದರು. ಕನ್ನಡ ಶಾಲೆ ಮುಚ್ಚಿರಿ ಎಂದು ಯಾವ ಕಾಗದವೂ ಬಂದಿರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಐದನೆಯವರೆಗಾದರೂ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಆ 'ಸಾಧ್ಯವಾದಲ್ಲೆಲ್ಲ' ಅನ್ನುವುದನ್ನು ಅಳೆಯುವವರು ಯಾರು? ಸಣ್ಣ ಕಚೇರಿಯ ಸಣ್ಣ ಅಧಿಕಾರಿಯೇ.

1881ರಲ್ಲಿ ಚನ್ನಬಸಪ್ಪನವರು ತೀರಿಕೊಂಡಾಗ ವಯಸ್ಸು ಐವತ್ತೂ ಆಗಿರಲಿಲ್ಲ. ಧಾರವಾಡದ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಅದನ್ನು ಕಟ್ಟಿದ ತಲೆಮಾರಿಗೆ ಓದಲು ಕನ್ನಡ ಶಾಲೆಗಳು ಆಗಲೇ ಇದ್ದವು.