ಹಾರದ ವಿಮಾನದಲ್ಲಿ ಹಾರಾಟ ಕಲಿಸಿದ ಎಡ್ವಿನ್ ಲಿಂಕ್

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಿಂದ ಬೆಂಗಳೂರಿನ ಜಕ್ಕೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. 1949ರಲ್ಲಿ ಆರಂಭವಾದ ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಮೆಟ್ಟಿಲು ಹತ್ತುವುದು ಗ್ರಾಮೀಣ ಕುಟುಂಬಗಳ ಮಕ್ಕಳಿಗೆ ಇಂದಿಗೂ ಸುಲಭವಲ್ಲ. ಪೈಲಟ್ ತರಬೇತಿಯ ವೆಚ್ಚ ಹಲವು ಲಕ್ಷ ರೂಪಾಯಿಗಳನ್ನು ದಾಟುತ್ತದೆ. ಆದರೆ ಅಂಥ ಊರಿನ ವಿದ್ಯಾರ್ಥಿಯೊಬ್ಬ ಮನೆಯ ಕಂಪ್ಯೂಟರಿನ ಮುಂದೆ ಕುಳಿತು, ವಿಮಾನವನ್ನು ಮೇಲೇರಿಸುವ, ಮೋಡದ ನಡುವೆ ದಿಕ್ಕು ಹಿಡಿಯುವ, ಮತ್ತೆ ನೆಲಕ್ಕಿಳಿಸುವ ಅಭ್ಯಾಸವನ್ನು ಇಂದು ಮಾಡಬಲ್ಲ. ಅದಕ್ಕೆ ಬೇಕಾದ ತಂತ್ರಾಂಶವೇ ಫ್ಲೈಟ್ ಸಿಮ್ಯುಲೇಟರ್.

ಈ ಅಭ್ಯಾಸದಲ್ಲಿ ತೊಡಗಿದವರಿಗೆ ಬೇಗನೆ ಒಂದು ತೊಡಕು ಎದುರಾಗುತ್ತದೆ. ಹೊಸ ವಿಮಾನ, ಹೊಸ ನಿಲ್ದಾಣ, ಹೊಸ ಉಪಕರಣ ಫಲಕಗಳನ್ನು ಒದಗಿಸುವ ಪೂರಕ ತಂತ್ರಾಂಶಗಳು ಒಂದು ಬಗೆಯ ಕಂಪ್ಯೂಟರಿನಲ್ಲಿ ನಡೆದರೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಹಣ ಕೊಟ್ಟು ಕೊಂಡದ್ದು ಯಂತ್ರ ಬದಲಾದೊಡನೆ ನಿರುಪಯುಕ್ತವಾಗುತ್ತದೆ. ಒಂದು ಯಂತ್ರಕ್ಕೆಂದು ರೂಪಿಸಿದ್ದು ಇನ್ನೊಂದು ಯಂತ್ರಕ್ಕೂ ಒದಗಬೇಕೆಂಬ ಈ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. ಹಾರಾಟ ತರಬೇತಿಯಲ್ಲಿ ಅದಕ್ಕೆ ಮೊದಲು ಸಮರ್ಥ ಉತ್ತರ ಕಂಡುಕೊಂಡವರಲ್ಲಿ ಎಡ್ವಿನ್ ಆಲ್ಬರ್ಟ್ ಲಿಂಕ್ ಪ್ರಮುಖರು. ವಿಶೇಷವೆಂದರೆ, ಅವರು ಬಂದದ್ದು ವಿಮಾನ ಕಾರ್ಖಾನೆಯಿಂದಲ್ಲ, ವಾದ್ಯ ತಯಾರಿಸುವ ಕಾರ್ಖಾನೆಯಿಂದ.

ವಾದ್ಯ ಕಾರ್ಖಾನೆಯ ಹುಡುಗ

ಲಿಂಕ್ ಜನಿಸಿದ್ದು 1904ರ ಜುಲೈ 26ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಹಂಟಿಂಗ್ಟನ್‌ನಲ್ಲಿ. 1910ರಲ್ಲಿ ಕುಟುಂಬ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ಗೆ ಬಂದು ನೆಲೆಸಿತು. ಅಲ್ಲಿ ದಿವಾಳಿಯಾಗಿದ್ದ ವಾದ್ಯ ಕಂಪನಿಯೊಂದನ್ನು ತಂದೆ ಕೈಗೆತ್ತಿಕೊಂಡು, ಸ್ವಯಂಚಾಲಿತ ಪಿಯಾನೊ ಹಾಗೂ ಚಿತ್ರಮಂದಿರಗಳ ಆರ್ಗನ್‌ಗಳನ್ನು ತಯಾರಿಸತೊಡಗಿದರು. ಮೂಕಿಚಿತ್ರಗಳ ಆ ಕಾಲದಲ್ಲಿ ತೆರೆಯ ಮೇಲಿನ ದೃಶ್ಯಕ್ಕೆ ಆರ್ಗನ್ ನುಡಿಸುವುದು ರೂಢಿಯಾಗಿತ್ತು. ನಮ್ಮ ಹಾರ್ಮೋನಿಯಂನಂತೆ ಅದಕ್ಕೂ ಗಾಳಿಯೇ ಪ್ರಾಣ. ತಿದಿ, ಕವಾಟ, ಗಾಳಿಕೊಳವೆಗಳ ನಡುವೆಯೇ ಬಾಲಕ ಎಡ್ವಿನ್ ಬೆಳೆದರು. ಓದಿಗಿಂತ ಉಪಕರಣ ಬಿಚ್ಚಿ ಜೋಡಿಸುವುದರಲ್ಲೇ ಅವರಿಗೆ ಆಸಕ್ತಿ.

1920ರಲ್ಲಿ, ಹದಿನಾರನೆಯ ವಯಸ್ಸಿನ ಆಸುಪಾಸಿನಲ್ಲಿ, ಅವರು ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಹಾರಾಟದ ಮೊದಲ ಪಾಠಕ್ಕೆ ಸೇರಿದರು. ನಟ ಚಾರ್ಲಿ ಚಾಪ್ಲಿನ್ ಅವರ ಮಲಸಹೋದರ ಸಿಡ್ನಿ ಚಾಪ್ಲಿನ್ ನಡೆಸುತ್ತಿದ್ದ ವಿಮಾನ ಸಂಸ್ಥೆ ಅದು. ಒಂದು ಪಾಠಕ್ಕೆ 50 ಡಾಲರ್ ತೆತ್ತರೂ ನಿಯಂತ್ರಣ ಕೋಲನ್ನು ಮುಟ್ಟುವ ಅವಕಾಶ ಅವರಿಗೆ ದೊರೆಯಲಿಲ್ಲ. ಕಲಿಯುವವನು ತಪ್ಪು ಮಾಡಿದರೆ ವಿಮಾನವೂ ಹೋಗುತ್ತದೆ, ಪ್ರಾಣವೂ ಹೋಗುತ್ತದೆ ಎಂಬ ಭಯದಿಂದ ಬೋಧಕರು ವಿದ್ಯಾರ್ಥಿಯ ಕೈಗೆ ಕೋಲು ಕೊಡಲು ಹಿಂಜರಿಯುತ್ತಿದ್ದ ದಿನಗಳವು. ಕೈಯಲ್ಲಿ ಹಿಡಿಯದೆ ಕಲಿಯುವುದು ಹೇಗೆ, ಕಲಿಯದೆ ಹಿಡಿಯುವುದು ಹೇಗೆ ಎಂಬ ಸಮಸ್ಯೆ ಲಿಂಕ್ ಅವರ ಮನಸ್ಸಿನಲ್ಲಿ ಅಂದೇ ಬೇರೂರಿತು.

ತಿದಿಯ ಮೇಲೆ ಕೂತ ವಿಮಾನ

ಮುಂದೆ ಪೈಲಟ್ ಆದ ಲಿಂಕ್, 1928ರಲ್ಲಿ ಸೆಸ್ನಾ ಕಂಪನಿಯ ವಿಮಾನವೊಂದನ್ನು ಕೊಂಡು ಊರೂರು ಸುತ್ತಿ ಹಾರಾಟ ಪ್ರದರ್ಶನ ನೀಡುತ್ತಿದ್ದರು. ಇದರ ಜತೆಗೆ 1927ರಿಂದ 1929ರವರೆಗೆ ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಬೇರೊಂದು ಕೆಲಸ ಸಾಗಿತ್ತು. ಮೊಟಕು ರೆಕ್ಕೆಯ ಪುಟ್ಟ ಮರದ ವಿಮಾನವೊಂದನ್ನು ಮಾಡಿ, ಅದನ್ನು ಆರ್ಗನ್‌ನ ತಿದಿಗಳ ಮೇಲೆ ಕೂರಿಸಿದರು. ವಿದ್ಯುತ್ ಪಂಪು ತಿದಿಗಳಿಂದ ಗಾಳಿ ಹೀರುತ್ತಿತ್ತು. ಒಳಗೆ ಕುಳಿತವರು ಕೋಲನ್ನು ಅತ್ತಿತ್ತ ಸರಿಸಿದರೆ ಕವಾಟಗಳು ತೆರೆದು ಮುಚ್ಚಿ, ಒಂದು ಬದಿಯ ತಿದಿ ಕುಗ್ಗಿ ಇನ್ನೊಂದು ಹಿಗ್ಗಿ, ವಿಮಾನ ನಿಜವಾಗಿಯೇ ವಾಲುತ್ತಿತ್ತು, ಮೂಗು ಎತ್ತುತ್ತಿತ್ತು, ತಿರುಗುತ್ತಿತ್ತು. ಆದರೆ ಅದು ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ. 1929ರಲ್ಲಿ ಅವರು ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು. 1931ರಲ್ಲಿ ಪೇಟೆಂಟ್ ದೊರೆಯಿತು.

ವಾದ್ಯಕ್ಕೆಂದು ಮಾಡಿದ ಅಂಗಗಳು ಹೀಗೆ ವಿಮಾನ ವಿದ್ಯೆಗೆ ಒದಗಿದವು. ಅಷ್ಟರಲ್ಲಿ ವಾಕ್ಚಿತ್ರಗಳು ಬಂದು ಚಿತ್ರಮಂದಿರದ ಆರ್ಗನ್‌ಗೆ ಬೇಡಿಕೆ ಕುಸಿದಿತ್ತು. ಆರ್ಥಿಕ ಮುಗ್ಗಟ್ಟೂ ಕವಿದಿತ್ತು. 1930ರಲ್ಲಿ ಲಿಂಕ್ ತಮ್ಮದೇ ಶಾಲೆ ತೆರೆದು, ಈ ಯಂತ್ರದ ನೆರವಿನಿಂದ 85 ಡಾಲರಿಗೆ ಹಾರಾಟ ಕಲಿಸುವುದಾಗಿ ಸಾರಿದರು. ಆದರೂ ವಿಮಾನ ಶಾಲೆಗಳಾಗಲಿ ಸೇನೆಯಾಗಲಿ ಅವರ ಯಂತ್ರವನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಕೊಂಡವರಲ್ಲಿ ಹೆಚ್ಚಿನವರು ಮನೋರಂಜನಾ ಉದ್ಯಾನಗಳ ಮಾಲೀಕರು. ಪ್ರಾಣ ಉಳಿಸಬೇಕಾಗಿದ್ದ ಯಂತ್ರ ಜಾತ್ರೆಯ ತೊಟ್ಟಿಲಿನಂತೆ ನಾಣ್ಯ ಹಾಕಿ ಕೂರುವ ಆಟಿಕೆಯಾಯಿತು. ಆ ದಿನಗಳಲ್ಲಿ ಸಂಸಾರ ನಡೆಸಲು ಲಿಂಕ್ ವಿಮಾನದ ರೆಕ್ಕೆಯ ಕೆಳಗೆ ದೀಪಗಳನ್ನು ಕಟ್ಟಿ, ರಾತ್ರಿಯ ಆಕಾಶದಲ್ಲಿ ಜಾಹೀರಾತು ತೋರಿಸುವ ಕೆಲಸವನ್ನೂ ಮಾಡಿದರು. ಆ ದೀಪಗಳನ್ನು ಹೊತ್ತಿಸಿ ಆರಿಸುತ್ತಿದ್ದುದು ಸ್ವಯಂಚಾಲಿತ ಪಿಯಾನೊದ ರಂಧ್ರದ ಸುರುಳಿ. 1931ರಲ್ಲಿ ಅವರನ್ನು ವರಿಸಿದ ಪತ್ರಕರ್ತೆ ಮೇರಿಯನ್ ಕ್ಲೇಟನ್ ಜೀವನದುದ್ದಕ್ಕೂ ಅವರ ಕೆಲಸದಲ್ಲಿ ಜತೆಯಾದರು.

ಅಂಚೆ ಹೊತ್ತು ಹೋದವರು

ಪರಿಸ್ಥಿತಿ ಬದಲಾದದ್ದು ಸಾವುಗಳಿಂದ. 1934ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರವು ಖಾಸಗಿ ಸಂಸ್ಥೆಗಳ ವಿಮಾನ ಅಂಚೆ ಗುತ್ತಿಗೆಗಳನ್ನು ರದ್ದುಪಡಿಸಿ, ಆ ಹೊಣೆಯನ್ನು ಸೇನೆಯ ವಾಯುದಳಕ್ಕೆ ವಹಿಸಿತು. ಭಾರತದಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ವಿಮಾನ ಹಾರಿಸಿ ಎರಡು ವರ್ಷವೂ ತುಂಬಿರಲಿಲ್ಲ. ಅಂಚೆ ವಿಮಾನ ಹವಾಮಾನ ನೋಡಿ ಕಾಯುವಂತಿಲ್ಲ. ರಾತ್ರಿ, ಮಂಜು, ಹಿಮಪಾತ ಯಾವುದಿದ್ದರೂ ಹೋಗಬೇಕು. ಸೇನೆಯ ಪೈಲಟ್‌ಗಳಿಗೆ ಹಗಲಿನಲ್ಲಿ ನೆಲ ನೋಡಿ ಹಾರಿ ಅಭ್ಯಾಸವಿತ್ತೇ ಹೊರತು, ಉಪಕರಣಗಳನ್ನಷ್ಟೇ ನಂಬಿ ಹಾರುವ ಪರಿಣತಿ ಇರಲಿಲ್ಲ. ಮೋಡದೊಳಗೆ ಹೊಕ್ಕಾಗ ಮನುಷ್ಯನ ಕಿವಿಯೊಳಗಿನ ಸಮತೋಲನದ ಅಂಗ ಮೋಸ ಮಾಡುತ್ತದೆ. ವಿಮಾನ ವಾಲಿದ್ದರೂ ನೇರವಾಗಿದೆ ಎನಿಸುತ್ತದೆ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಇದೇ ಅವಧಿಯಲ್ಲಿ ಸೇನಾಧಿಕಾರಿಗಳು ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಲಿಂಕ್ ಅವರಿಗಾಗಿ ಕಾದಿದ್ದರು. ಅಂದು ದಟ್ಟ ಮಂಜು. ಇಂಥ ದಿನ ಯಾರೂ ಹಾರಿ ಬರಲಾರರೆಂದು ಅವರು ಹೊರಡಲನುವಾಗಿದ್ದಾಗ ಲಿಂಕ್ ಅವರ ವಿಮಾನ ಮಂಜನ್ನು ಸೀಳಿ ಬಂದು ಇಳಿಯಿತು. ತಮ್ಮ ಯಂತ್ರದಲ್ಲಿ ಅಭ್ಯಾಸ ಮಾಡಿದ ವಿದ್ಯೆಯನ್ನೇ ಅವರು ಬಳಸಿದ್ದರು. ಬೇರೆ ಪುರಾವೆ ಬೇಕಾಗಲಿಲ್ಲ. ಸೇನೆ ತಲಾ 3,500 ಡಾಲರಿನಂತೆ ಆರು ಯಂತ್ರಗಳಿಗೆ ಬೇಡಿಕೆ ಸಲ್ಲಿಸಿತು.

ನೀಲಿ ಪೆಟ್ಟಿಗೆ

ನೀಲಿ ಬಣ್ಣ ಬಳಿದಿದ್ದ ಕಾರಣ ಈ ಯಂತ್ರ ನೀಲಿ ಪೆಟ್ಟಿಗೆ ಎಂದೇ ಹೆಸರಾಯಿತು. ವಿದ್ಯಾರ್ಥಿ ಒಳಗೆ ಕುಳಿತೊಡನೆ ಮೇಲೆ ಮುಚ್ಚಳ ಬೀಳುತ್ತಿತ್ತು. ಹೊರಗಿನದೇನೂ ಕಾಣದು. ಎದುರಿಗೆ ವೇಗ, ಎತ್ತರ, ದಿಕ್ಕು ತೋರಿಸುವ ಮುಳ್ಳುಗಳು. ಕಿವಿಯಲ್ಲಿ ಬೋಧಕರು ಕಳುಹಿಸುವ ರೇಡಿಯೊ ಸಂಜ್ಞೆ. ಹೊರಗೆ ಮೇಜಿನ ಮೇಲೆ ಹರಡಿದ ನಕಾಶೆಯಲ್ಲಿ, ಏಡಿ ಎಂದು ಕರೆಯಲಾಗುತ್ತಿದ್ದ ಮೂರು ಚಕ್ರದ ಪುಟ್ಟ ಬಂಡಿಯೊಂದು ವಿದ್ಯಾರ್ಥಿ ಹಾರಿದ ದಾರಿಯನ್ನು ಶಾಯಿಯಲ್ಲಿ ಬರೆಯುತ್ತ ಸಾಗುತ್ತಿತ್ತು. ದಾರಿ ತಪ್ಪಿದ್ದೆಲ್ಲಿ ಎಂಬುದಕ್ಕೆ ಆ ಗೆರೆಯೇ ಸಾಕ್ಷಿ. ಬೆಟ್ಟಕ್ಕೆ ಬಡಿದಿದ್ದರೂ ವಿದ್ಯಾರ್ಥಿ ಎದ್ದುಬಂದು ತನ್ನ ತಪ್ಪನ್ನು ತಾನೇ ನೋಡಬಹುದಾಗಿತ್ತು.

ಆರಂಭದ ಪೆಟ್ಟಿಗೆ ಯಾವುದೇ ಒಂದು ವಿಮಾನದ ಪ್ರತಿರೂಪವಾಗಿರಲಿಲ್ಲ. ಅದೇ ಅದರ ಶಕ್ತಿ. ಬಾಂಬರ್ ನಡೆಸುವವರಿಗೂ ಸಾಗಣೆ ವಿಮಾನ ನಡೆಸುವವರಿಗೂ ಮೋಡ ಒಂದೇ, ಮುಳ್ಳುಗಳ ಭಾಷೆಯೂ ಬಹುಮಟ್ಟಿಗೆ ಒಂದೇ. ಆದ್ದರಿಂದ ಒಂದು ಪೆಟ್ಟಿಗೆಯಲ್ಲಿ ಕಲಿತದ್ದು ಹಲವು ವಿಮಾನಗಳಿಗೆ ಸಲ್ಲುತ್ತಿತ್ತು. ಅದರ ಮಿತಿಯೂ ಅಲ್ಲಿಯೇ ಇತ್ತು. ಒಂದೊಂದು ವಿಮಾನದ ಸ್ವಭಾವ, ಅದರ ಎಂಜಿನ್ನಿನ ಹಟ, ಇಳಿಯುವಾಗಿನ ಅದರ ನಡೆ ಇವನ್ನು ಸಾಮಾನ್ಯ ಪೆಟ್ಟಿಗೆ ಕಲಿಸಲಾರದು. ಆ ಕೊರತೆ ತುಂಬಲು ಮುಂದೆ ನಿರ್ದಿಷ್ಟ ವಿಮಾನಗಳ ಸಿಮ್ಯುಲೇಟರ್‌ಗಳು ಬಂದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನೀಲಿ ಪೆಟ್ಟಿಗೆಗಳು ತಯಾರಾದವು. ಐದು ಲಕ್ಷದಷ್ಟು ವೈಮಾನಿಕರು ಅವುಗಳಲ್ಲಿ ತರಬೇತಿ ಪಡೆದರೆಂದು ಅಂದಾಜು. ಯುದ್ಧಕ್ಕೆ ಮೊದಲೇ ಜಪಾನಿನ ನೌಕಾಪಡೆಯೂ ಇವನ್ನು ಕೊಂಡಿತ್ತು. ಯಂತ್ರಕ್ಕೆ ಶತ್ರು ಮಿತ್ರರೆಂಬ ಭೇದವಿರಲಿಲ್ಲ. ನಕ್ಷತ್ರ ನೋಡಿ ದಾರಿ ಕಂಡುಕೊಳ್ಳುವ ತರಬೇತಿಗೂ ನೌಕಾಯಾನ ತಜ್ಞ ಫಿಲಿಪ್ ವೀಮ್ಸ್ ಅವರೊಡನೆ ಲಿಂಕ್ ಬೃಹತ್ ಯಂತ್ರವೊಂದನ್ನು ರೂಪಿಸಿದರು. ಮುಂದೆ ಅಪೊಲೊ ಯಾತ್ರಿಕರ ತರಬೇತಿಗೆ ಬಳಸಿದ ಸಿಮ್ಯುಲೇಟರ್‌ಗಳನ್ನು ನಿರ್ಮಿಸಿದ್ದೂ ಲಿಂಕ್ ಹೆಸರಿನ ಘಟಕವೇ.

ಕಡಲು ಕಸಿದ ಮಗ

1954ರಲ್ಲಿ ಕಂಪನಿಯನ್ನು ಬೇರೆಯವರಿಗೆ ವಹಿಸಿದ ಲಿಂಕ್, ತಮ್ಮ ಉಳಿದ ಆಯುಷ್ಯವನ್ನು ಸಮುದ್ರದ ಆಳಕ್ಕೆ ಮುಡಿಪಿಟ್ಟರು. 1962ರಲ್ಲಿ ಮೆಡಿಟರೇನಿಯನ್ ಕಡಲಿನಲ್ಲಿ ತಾವೇ ಲೋಹದ ಕೊಠಡಿಯೊಳಗೆ ಕುಳಿತು 60 ಅಡಿ ಆಳದಲ್ಲಿ ಎಂಟು ಗಂಟೆ ಕಳೆದರು. 1964ರಲ್ಲಿ ಬಹಾಮಾಸ್ ಬಳಿ 432 ಅಡಿ ಆಳದಲ್ಲಿ ಇಬ್ಬರು ಮುಳುಗುಗಾರರು ಎರಡು ದಿನ ವಾಸವಿದ್ದುದೂ ಅವರ ಯೋಜನೆಯ ಫಲ. ಆ ಇಬ್ಬರಲ್ಲಿ ಒಬ್ಬರು ಅಟ್ಲಾಂಟಿಕ್ ಸಾಗರವನ್ನು ಏಕಾಂಗಿಯಾಗಿ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಪುತ್ರ ಜಾನ್ ಲಿಂಡ್‌ಬರ್ಗ್.

1971ರಲ್ಲಿ ಅವರ ವಿನ್ಯಾಸದ ‘ಜಾನ್ಸನ್ ಸೀ ಲಿಂಕ್’ ಜಲಾಂತರ್ವಾಹನ ಕಡಲಿಗಿಳಿಯಿತು. 1973ರ ಜೂನ್ 17ರಂದು ಫ್ಲಾರಿಡಾದ ಕೀ ವೆಸ್ಟ್ ಬಳಿ, ಸುಮಾರು 360 ಅಡಿ ಆಳದಲ್ಲಿ, ಮುಳುಗಿದ್ದ ಹಳೆಯ ಯುದ್ಧನೌಕೆಯೊಂದರ ಅವಶೇಷಗಳಲ್ಲಿ ಅದು ಸಿಕ್ಕಿಕೊಂಡಿತು. ಒಳಗೆ ನಾಲ್ವರಿದ್ದರು. ಹಿಂಬದಿಯ ಅಲ್ಯೂಮಿನಿಯಂ ಕೊಠಡಿ ಕಡಲಿನ ಶೀತಕ್ಕೆ ತಣ್ಣಗಾಗಿ, ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರಬೇಕಾದ ರಾಸಾಯನಿಕ ಕೆಲಸ ಮಾಡದಾಯಿತು. ಒಂದು ದಿನಕ್ಕೂ ಮೀರಿದ ಹೋರಾಟದ ಬಳಿಕ ವಾಹನವನ್ನು ಮೇಲೆತ್ತಲಾಯಿತು. ಮುಂದಿನ ಗೋಳದಲ್ಲಿದ್ದ ಇಬ್ಬರು ಬದುಕಿದರು. ಹಿಂದಿನ ಕೊಠಡಿಯಲ್ಲಿದ್ದ ಇಬ್ಬರು ಅಸುನೀಗಿದರು. ಅವರಲ್ಲಿ ಒಬ್ಬರು ಲಿಂಕ್ ಅವರ ಪುತ್ರ, 31 ವರ್ಷದ ಎಡ್ವಿನ್ ಕ್ಲೇಟನ್ ಲಿಂಕ್. ಸಹಸ್ರಾರು ಮಂದಿಯ ಮಕ್ಕಳು ಆಕಾಶದಿಂದ ಸುರಕ್ಷಿತವಾಗಿ ಮರಳಲು ನೆರವಾದ ತಂದೆಗೆ ತಾನೇ ರೂಪಿಸಿದ ವಾಹನದಲ್ಲಿ ಮಗನನ್ನು ಕಳೆದುಕೊಳ್ಳುವ ದುರ್ದೈವ ಒದಗಿತು. ಆ ಬಳಿಕ ಲಿಂಕ್ ಮಾಡಿದ್ದು, ಆಳದಲ್ಲಿ ಸಿಕ್ಕಿಕೊಂಡ ವಾಹನಗಳನ್ನು ಬಿಡಿಸಬಲ್ಲ ಮಾನವರಹಿತ ರಕ್ಷಣಾ ಸಾಧನದ ತಯಾರಿ. 1981ರ ಸೆಪ್ಟೆಂಬರ್ 7ರಂದು ಅವರು ಬಿಂಗ್‌ಹ್ಯಾಮ್ಟನ್‌ನಲ್ಲಿ ನಿಧನರಾದರು.

ಉಳಿದ ಪ್ರಶ್ನೆ

ಲಿಂಕ್ ಅವರ ಕೊನೆಯ ದಿನಗಳಲ್ಲೇ ಸಿಮ್ಯುಲೇಟರ್ ಮನೆಯೊಳಗೆ ಕಾಲಿಟ್ಟಿತ್ತು. 1979-80ರ ವೇಳೆಗೆ ಬ್ರೂಸ್ ಆರ್ಟ್‌ವಿಕ್ ಆ್ಯಪಲ್ 2 ಕಂಪ್ಯೂಟರಿಗೆ ಬರೆದ ತಂತ್ರಾಂಶ ಮಾರಾಟಕ್ಕೆ ಬಂತು. 1982ರಲ್ಲಿ ಐಬಿಎಂ ಪಿಸಿಗಾಗಿ ಮೈಕ್ರೋಸಾಫ್ಟ್ ಅದನ್ನು ಹೊರತಂದಿತು. ಪ್ರತಿ ಹೊಸ ಕಂಪ್ಯೂಟರಿಗೂ ಹೊಸದಾಗಿ ಬರೆಯಬೇಕಾದ ಕಷ್ಟ ಅಲ್ಲಿಂದಲೇ ಶುರುವಾಯಿತು. ಇಂದು ‘ಎಕ್ಸ್-ಪ್ಲೇನ್’ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆದರೆ ಅದರ ಪೂರಕ ತಂತ್ರಾಂಶವನ್ನು ಬರೆದವರು ಮೂರಕ್ಕೂ ಪ್ರತ್ಯೇಕ ಕಡತ ಸಿದ್ಧಪಡಿಸದಿದ್ದರೆ ಅದು ಒಂದರಲ್ಲಷ್ಟೇ ಉಳಿಯುತ್ತದೆ. 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್, ಪಿಸಿ ಮತ್ತು ಎಕ್ಸ್‌ಬಾಕ್ಸ್ ಎರಡರಲ್ಲೂ ಒಂದೇ ಪೂರಕ ತಂತ್ರಾಂಶ ನಡೆಯಲೆಂದು ವೆಬ್‌ಅಸೆಂಬ್ಲಿ ಎಂಬ ಸಾಮಾನ್ಯ ಮಾಧ್ಯಮವನ್ನು ಆಶ್ರಯಿಸಿದೆ. ‘ಫ್ಲೈಟ್‌ಗಿಯರ್’ ಮುಕ್ತ ತಂತ್ರಾಂಶವಾದ್ದರಿಂದ ಹಣವಿಲ್ಲದವರಿಗೂ ಲಭ್ಯ. ಮನೆಯ ಕಂಪ್ಯೂಟರಿನಲ್ಲಿ ಕಳೆದ ಗಂಟೆಗಳು ಪೈಲಟ್ ಪರವಾನಗಿಯ ಲೆಕ್ಕಕ್ಕೆ ಬರುವುದಿಲ್ಲವಾದರೂ, ಮುಳ್ಳುಗಳನ್ನು ಓದುವ ರೂಢಿ ವ್ಯರ್ಥವಾಗುವುದಿಲ್ಲ.

ಬೆಂಗಳೂರಿನಲ್ಲಿಯೂ ಇದೇ ತತ್ವ ಕೆಲಸ ಮಾಡುತ್ತಿದೆ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಜಂಟಿಯಾಗಿ ಸ್ಥಾಪಿಸಿ, 2010ರಲ್ಲಿ ತರಬೇತಿ ಆರಂಭಿಸಿದ ‘ಹ್ಯಾಟ್ಸಾಫ್’ ಕೇಂದ್ರದ ಸಿಮ್ಯುಲೇಟರಿನಲ್ಲಿ ಬುಡದ ಯಂತ್ರ ಒಂದೇ, ಹೆಲಿಕಾಪ್ಟರಿಗೆ ತಕ್ಕಂತೆ ಕಾಕ್‌ಪಿಟ್ ಮಾತ್ರ ಬದಲಾಗುತ್ತದೆ. ಬೆಲ್ 412ರ ಕಾಕ್‌ಪಿಟ್ ಸರಿಸಿ ಧ್ರುವದ ಕಾಕ್‌ಪಿಟ್ ಕೂರಿಸಬಹುದು. ಸಾಮಾನ್ಯ ಪೆಟ್ಟಿಗೆಯ ಮಿತವ್ಯಯ ಮತ್ತು ನಿರ್ದಿಷ್ಟ ವಿಮಾನದ ನಿಖರತೆ ಎರಡನ್ನೂ ಕೂಡಿಸುವ ಪ್ರಯತ್ನವಿದು.

ಬಿಂಗ್‌ಹ್ಯಾಮ್ಟನ್‌ನ ರಾಬರ್ಸನ್ ವಸ್ತುಸಂಗ್ರಹಾಲಯದಲ್ಲಿ ಲಿಂಕ್ ಕಂಪನಿಯ ಚಿತ್ರಮಂದಿರದ ಆರ್ಗನ್ ಇದೆ, ನೀಲಿ ಪೆಟ್ಟಿಗೆಯೂ ಇದೆ. ಒಂದು ನುಡಿಯುವ ಯಂತ್ರ, ಇನ್ನೊಂದು ವಾಲುವ ಯಂತ್ರ. ಎರಡಕ್ಕೂ ಉಸಿರು ಕೊಟ್ಟದ್ದು ಮಾತ್ರ ಅದೇ ತಿದಿ.